ಭಜನೆಗೆ ಹಾರ್ಮೋನಿಯಂ ನುಡಿಸುವವಳು ಕೇಳಿದ ಆಲಿಸ್ ಕೋಲ್ಟ್ರೇನ್

ಕಾಸರಗೋಡು ಕಡೆಯ ನೀರ್ಚಾಲಿನ ಹತ್ತಿರ ನಮ್ಮದೊಂದು ಸಣ್ಣ ಭಜನಾ ಮಂದಿರ ಇದೆ. ಶನಿವಾರ ಸಂಜೆ ಅಲ್ಲಿ ಹಾರ್ಮೋನಿಯಂ ನುಡಿಸುವುದು ನಾನು. ಅಪ್ಪ ನುಡಿಸುತ್ತಿದ್ದ ಪೆಟ್ಟಿಗೆಯೇ ಅದು. 26 ವರ್ಷಗಳಿಂದ ನನ್ನ ಕೈಯಲ್ಲಿದೆ. ಜಾಝ್ ಸಂಗೀತ ನಾನು ಕಲಿತದ್ದಲ್ಲ. ಹಾಗಾಗಿ ಅಮೆರಿಕದ ಜಾಝ್ ಕಲಾವಿದೆ ಆಲಿಸ್ ಕೋಲ್ಟ್ರೇನ್ ಅವರ ಈ ಸಿ.ಡಿ. ಬಗ್ಗೆ ನಾನು ಬರೆಯುವುದೆಲ್ಲ ಭಜನೆಗೆ ಪೆಟ್ಟಿಗೆ ಹಿಡಿಯುವವಳ ಮಾತು ಅಂತಲೇ ಓದಿ.

ದುಬೈಯಲ್ಲಿರುವ ಅಣ್ಣನ ಮಗ ಮಳೆಗಾಲದ ರಜೆಯಲ್ಲಿ ಬಂದಾಗ ಇದನ್ನು ತಂದ. "ಅತ್ತೆ, ಇದು ಅಮೆರಿಕದವರ ಭಜನೆ. ನಿಮ್ಮ ಪೆಟ್ಟಿಗೆಯ ಹಾಗೇ ಇದೆ, ಕೇಳಿ" ಎಂದ. ಆಲ್ಬಂ ಹೆಸರು ‘ಕೀರ್ತನ್: ತುರಿಯಾ ಸಿಂಗ್ಸ್’. ಇಂಪಲ್ಸ್ ಕಂಪನಿ 2021ರಲ್ಲಿ ಹೊರತಂದದ್ದು. ಹಾಡಿದವರು, ನುಡಿಸಿದವರು ಇಬ್ಬರೂ ಒಬ್ಬರೇ: ಆಲಿಸ್ ಕೋಲ್ಟ್ರೇನ್. ಒಂಬತ್ತು ಹಾಡುಗಳು. ಒಂದು ಕಂಠ, ವುರ್ಲಿಟ್ಜರ್ ಕಂಪನಿಯ ಒಂದು ಆರ್ಗನ್. ಬೇರೇನೂ ಇಲ್ಲ. ತಬಲಾ ಇಲ್ಲ, ತಾಳ ಇಲ್ಲ, ಕೋರಸ್ ಇಲ್ಲ.

ಊಟ ಮುಗಿಸಿ, ಅಡುಗೆ ಮನೆಯ ಲೈಟ್ ಆರಿಸಿ, ಚಾವಡಿಯಲ್ಲಿ ಕೂತು ಹಾಕಿದೆ. ಹೊರಗೆ ಜೋರು ಮಳೆ. ಮೊದಲ ಹಾಡು ‘ಜಗದೀಶ್ವರ್’. ಆರ್ಗನ್ನಿನ ಸ್ವರ ಬಂತು, ಅದರ ಮೇಲೆ ಕೆಳ ಶ್ರುತಿಯ ಒಂದು ಹೆಣ್ಣು ಕಂಠ. ಅವಸರವೇ ಇಲ್ಲ. ಯಾರನ್ನೂ ಮೆಚ್ಚಿಸಬೇಕು ಅನ್ನುವ ಹಟವೂ ಇಲ್ಲ. ದೇವರ ಕೋಣೆಯಲ್ಲಿ ಒಬ್ಬರೇ ಕೂತು ಹಾಡಿಕೊಂಡ ಹಾಗೆ.

ಎರಡನೇ ಸಲ ಕೇಳುವಾಗ ಕಂಠವನ್ನು ಬಿಟ್ಟು ಕೈಯನ್ನು ಮಾತ್ರ ಹಿಂಬಾಲಿಸಿದೆ. ಅಲ್ಲೇ ನನಗೆ ಈ ಸಿ.ಡಿ. ಯಾಕೆ ಬೇಕಿತ್ತು ಅಂತ ಗೊತ್ತಾಯಿತು.

ಭಜನೆಯಲ್ಲಿ ನಾವು ಹೇಗೆ ನುಡಿಸುತ್ತೇವೆ? ಹಾಡುವವರು ಏನು ಹಾಡುತ್ತಾರೋ ಬೆರಳು ಅದನ್ನೇ ಹಿಂಬಾಲಿಸುತ್ತದೆ. ಅವರು ಮೇಲೆ ಹೋದರೆ ನಾವೂ ಮೇಲೆ, ಇಳಿದರೆ ನಾವೂ ಇಳಿಯುತ್ತೇವೆ. ಎಡಗೈ ಗಾಳಿ ಹಾಕುತ್ತಲೇ ಇರಬೇಕು. ಕೈ ಸ್ವಲ್ಪ ತಡವಾದರೆ ಸ್ವರವೂ ಕುಗ್ಗುತ್ತದೆ. ಆಲಿಸ್ ಅವರ ಆರ್ಗನ್ ಕರೆಂಟಿನದು. ಅದಕ್ಕೆ ಉಸಿರಿನ ಹಂಗಿಲ್ಲ. ಎಡಗೈಗೂ ಬಿಡುವು, ಎರಡೂ ಕೈ ಸ್ವರ ಹಿಡಿಯಬಹುದು. ಹಾಗಾಗಿ ಅವರು ಹಾಡನ್ನು ಹಿಂಬಾಲಿಸುವುದೇ ಇಲ್ಲ. ನಾಲ್ಕೈದು ಸ್ವರ ಒಟ್ಟಿಗೆ ಒತ್ತಿ ಹಿಡಿಯುತ್ತಾರೆ. ಮೇಲೆ ನಾಮ ಹಾಗೇ ತಿರುಗುತ್ತಿರುತ್ತದೆ. ಕೆಳಗೆ ಆ ಸ್ವರಗಳ ಗೊಂಚಲು ಮಾತ್ರ ನಿಧಾನಕ್ಕೆ ಬದಲಾಗುತ್ತದೆ. ಅದೇ ‘ಗೋವಿಂದ ಹರಿ’, ಆದರೆ ಎರಡನೇ ಸುತ್ತಿನಲ್ಲಿ ಅದರ ಬಣ್ಣ ಬೇರೆ. ಮಧ್ಯಾಹ್ನ ಕಂಡ ಅಂಗಳವನ್ನೇ ಸಂಜೆ ಕಂಡ ಹಾಗೆ.

ಇದು ನಮ್ಮ ಕಡೆಯ ಪದ್ಧತಿ ಅಲ್ಲ. ಅವರಿಗೆ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ. 1937ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿದವರು. ಸಣ್ಣ ವಯಸ್ಸಿನಲ್ಲೇ ಚರ್ಚಿನಲ್ಲಿ ನುಡಿಸುತ್ತಿದ್ದರು. ಆಮೇಲೆ ಜಾಝ್ ಪಿಯಾನೋ, ಆಮೇಲೆ ಹಾರ್ಪ್ ಎಂಬ ದೊಡ್ಡ ತಂತಿವಾದ್ಯ. ಸ್ಯಾಕ್ಸೋಫೋನಿನ ಜಾನ್ ಕೋಲ್ಟ್ರೇನ್ ಅವರನ್ನು ಮದುವೆಯಾಗಿ ಅವರ ತಂಡದಲ್ಲೇ ಪಿಯಾನೋ ನುಡಿಸಿದರು. 1967ರ ಜುಲೈಯಲ್ಲಿ ಜಾನ್ ತೀರಿಕೊಂಡರು. ಆಗ ಆಲಿಸ್‌ಗೆ ಇನ್ನೂ 30 ತುಂಬಿರಲಿಲ್ಲ. ನಾಲ್ಕು ಮಕ್ಕಳು. ಆ ದುಃಖದ ದಿನಗಳಲ್ಲಿ ಅವರಿಗೆ ಸಿಕ್ಕಿದ ಗುರು ಸ್ವಾಮಿ ಸಚ್ಚಿದಾನಂದ. ಸ್ವಾಮೀಜಿ ಕೊಯಮತ್ತೂರಿನ ಹತ್ತಿರದ ಚೆಟ್ಟಿಪಾಳಯದಲ್ಲಿ ಹುಟ್ಟಿದವರು. ಕಾಸರಗೋಡಿನಲ್ಲಿ ರೈಲು ಹತ್ತಿದರೆ ಒಂದೇ ಹಗಲಿನಲ್ಲಿ ಮುಟ್ಟುವ ಊರಿನ ಕಡೆಯವರು, ಅಲ್ವಾ? ಇದನ್ನು ಓದಿದಾಗ ನನಗೆ ಮೈ ಜುಂ ಎಂದಿತು.

1970ರ ಡಿಸೆಂಬರ್‌ನಲ್ಲಿ ಅವರು ಗುರುಗಳ ಜೊತೆ ಭಾರತಕ್ಕೆ ಹೊರಟರು, ಐದು ವಾರದ ಯಾತ್ರೆಗೆ. ಗುರುಗಳ ಹೆಸರಿಟ್ಟ ಆಲ್ಬಂನ ಹೆಚ್ಚಿನ ಭಾಗ ಅದಕ್ಕಿಂತ ಒಂದು ತಿಂಗಳು ಮೊದಲೇ ರೆಕಾರ್ಡ್ ಆಗಿತ್ತು. ಅದರಲ್ಲಿ ಹಾರ್ಪ್ ಇದೆ, ತಂಬೂರಿ ಇದೆ. ಯಾತ್ರೆ ಮುಗಿಸಿ ಹೋದ ಮೇಲೆ, 1971ರ ‘ಯೂನಿವರ್ಸಲ್ ಕಾನ್ಷಿಯಸ್‌ನೆಸ್’ನಲ್ಲಿ ಆರ್ಗನ್ ಮುಂದೆ ಬಂತು. ಹರೇ ಕೃಷ್ಣ, ಸೀತಾರಾಮ ಎನ್ನುವ ನಾಮಗಳೂ ಬಂದವು. ಅದು ಬಿರುಗಾಳಿಯಂಥ ಸಂಗೀತ. ಅಣ್ಣನ ಮಗ ಫೋನಿನಲ್ಲಿ ಕೇಳಿಸಿದ. ನನಗೆ ಪೂರ್ತಿ ಕೇಳಲು ಆಗಲಿಲ್ಲ.

ಅದೇ 1971ರ ಬಗ್ಗೆ ಇನ್ನೊಂದು ಮಾತು. ನಮ್ಮ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂಗೆ ಹಾಕಿದ್ದ ನಿಷೇಧ ಸಡಿಲವಾದದ್ದು ಆ ವರ್ಷ. ಈ ಪೆಟ್ಟಿಗೆಯಲ್ಲಿ ಗಮಕ, ಅಂದರೆ ಸ್ವರವನ್ನು ತೂಗಿಸುವುದು, ಜಾರಿಸುವುದು ಬರುವುದಿಲ್ಲ ಅನ್ನುವುದು ಅದರ ಮೇಲಿನ ದೊಡ್ಡ ದೂರು. ಅಪ್ಪ ಈ ವಿಷಯ ಹೇಳುವಾಗಲೆಲ್ಲ ನೊಂದುಕೊಳ್ಳುತ್ತಿದ್ದರು. ಅವರಿಗೆ ಈ ಸಿ.ಡಿ. ಕೇಳಿಸಬೇಕಿತ್ತು. ಗಮಕ ಬಾರದಿದ್ದರೆ ಬೇಡ, ಹಾಡುವವರ ಕಾಲ ಕೆಳಗೆ ನೆಲವಾಗಿ ನಿಂತರೆ ಸಾಕು ಅಂತ ಇಲ್ಲಿ ಆರ್ಗನ್ ತೋರಿಸಿಕೊಡುತ್ತದೆ.

1972ರಲ್ಲಿ ಆಲಿಸ್ ಕ್ಯಾಲಿಫೋರ್ನಿಯಾಕ್ಕೆ ಹೋದರು. ಸಂನ್ಯಾಸಿನಿಯಾಗಿ ತುರಿಯಾಸಂಗೀತಾನಂದ ಎಂಬ ಹೆಸರು ಪಡೆದರು. 1983ರಲ್ಲಿ ಅಗೋರಾ ಹಿಲ್ಸ್ ಎಂಬಲ್ಲಿ ಆಶ್ರಮ ಕಟ್ಟಿ, ಭಾನುವಾರಗಳಂದು ಆರ್ಗನ್ ಮುಂದೆ ಕೂತು ಭಜನೆ ಮಾಡಿಸುತ್ತಿದ್ದರು. 2007ರಲ್ಲಿ ತೀರಿಕೊಂಡರು. ಈ ಹಾಡುಗಳು ರೆಕಾರ್ಡ್ ಆದದ್ದು 1981ರಲ್ಲಿ. ಮರುವರ್ಷ ಅವರ ಶಿಷ್ಯ ಬಳಗಕ್ಕಾಗಿ ಕ್ಯಾಸೆಟ್ ಮಾಡಿದಾಗ ಅದರ ಮೇಲೆ ತಂತಿವಾದ್ಯ, ಸಿಂಥಸೈಜರ್ ಎಲ್ಲ ಸೇರಿಸಿದ್ದರು. ಬರೇ ಕಂಠ ಮತ್ತು ಆರ್ಗನ್ ಇರುವ ಈ ರೂಪ ಆಮೇಲೆ ಮಗ ರವಿ ಕೋಲ್ಟ್ರೇನ್ ಅವರಿಗೆ ಸಿಕ್ಕಿತು. ಪಂಡಿತ್ ರವಿಶಂಕರ್ ಅವರ ಹೆಸರನ್ನೇ ಇಟ್ಟ ಮಗ, ತಂದೆಯ ಹಾಗೆ ಸ್ಯಾಕ್ಸೋಫೋನ್ ವಾದಕರು. ಹಳೆಯ ಕ್ಯಾಸೆಟ್ಟಿನ ಪ್ರತಿಯನ್ನೂ ಕೇಳಿ ನೋಡಿದೆ. ಚಂದವೇ. ಆದರೆ ತುಂಬಾ ಹೂ ಹಾಕಿ ಮೂರ್ತಿಯೇ ಕಾಣದ ಹಾಗೆ ಆಗಿದೆ. ಆ ಹೂವನ್ನೆಲ್ಲ ತೆಗೆದು ಮಗ ಒಳ್ಳೆಯ ಕೆಲಸ ಮಾಡಿದ್ದಾರೆ.

ಕೊರತೆಗಳೂ ಇವೆ. ಒಂಬತ್ತೂ ಹಾಡುಗಳ ನಡೆ ಹೆಚ್ಚುಕಡಿಮೆ ಒಂದೇ. ಒಟ್ಟಿಗೆ ಕೇಳಿದರೆ ಐದನೇ ಹಾಡಿನ ಹೊತ್ತಿಗೆ ಮನಸ್ಸು ಬೇರೆಲ್ಲೋ ಹೋಗುತ್ತದೆ. ನಾನು ದಿನಕ್ಕೆ ಎರಡೇ ಕೇಳುತ್ತೇನೆ. ಸಂಸ್ಕೃತದ ಉಚ್ಚಾರ ಅಮೆರಿಕದ್ದು, ನಮ್ಮ ಕಿವಿಗೆ ಅಲ್ಲಲ್ಲಿ ತಡೆಯುತ್ತದೆ. ‘ಯಮುನಾ ತೀರ ವಿಹಾರಿ’ ಅಂದ ಕೂಡಲೇ ನಮಗೆ ಗೊತ್ತಿರುವ ಧಾಟಿ ಬರುತ್ತದೆ ಅಂತ ಕಾಯಬೇಡಿ. ಧಾಟಿ ಅವರದೇ. ನಗರ ಭಜನೆಯ ಹುರುಪು, ಕುಣಿತ ಭಜನೆಯ ಹೆಜ್ಜೆ ಬೇಕಾದವರಿಗೆ ಇದು ಹಿಡಿಸಲಿಕ್ಕಿಲ್ಲ. ಅಂಥವರು ಲುವಾಕಾ ಬಾಪ್ ಕಂಪನಿ 2017ರಲ್ಲಿ ತಂದ ಅವರ ಆಶ್ರಮದ ಹಾಡುಗಳ ಸಂಕಲನ ಕೇಳಲಿ. ಅದರಲ್ಲಿ ಗುಂಪು ಹಾಡುತ್ತದೆ, ಚಪ್ಪಾಳೆ ಇದೆ. ಇಡೀ ದಿನ ನಡೆಯುವ ನಮ್ಮ ಏಕಾಹ ಭಜನೆಯ ಬೆಳಗಿನ ಜಾವದ ಹುಮ್ಮಸ್ಸು ಅದರಲ್ಲಿ ಸಿಗುತ್ತದೆ.

ಕೊಳ್ಳುವವರಿಗೆ ಒಂದು ಸೂಚನೆ. ಫೋನಿನ ಸಣ್ಣ ಸ್ಪೀಕರಿನಲ್ಲಿ ಇದನ್ನು ಕೇಳಬೇಡಿ. ಆರ್ಗನ್ನಿನ ಕೆಳಗಿನ ಸ್ವರ ಅದರಲ್ಲಿ ಕಾಣೆಯಾಗುತ್ತದೆ. ಉಳಿಯುವುದು ಸುಮ್ನೆ ಒಂದು ತೆಳ್ಳಗಿನ ಹಾಡು ಮಾತ್ರ. ಎರಡು ಎಲ್.ಪಿ.ಗಳ ಸೆಟ್ಟೂ ಇದೆಯಂತೆ, ಬೆಲೆ ಜಾಸ್ತಿ. ನಮ್ಮ ಹಳೆಯ ಸಿ.ಡಿ. ಪ್ಲೇಯರ್, ಮರದ ಸ್ಪೀಕರ್ ನನಗೆ ಸಾಕಾಯಿತು.

ಕಳೆದ ಶನಿವಾರ ಮಂದಿರದಲ್ಲಿ ಎಂಟೇ ಜನ ಇದ್ದೆವು. ನಮ್ಮ ಹಿರಿಯ ಹಾಡುಗಾರರು ಕಪ್ಪು ಒಂದರಲ್ಲಿ (ಪೆಟ್ಟಿಗೆಯ ಮೊದಲ ಕಪ್ಪು ಕೀಲಿಯ ಶ್ರುತಿ; ಕೀಲಿಗೆ ನಾವು ಮನೆ ಅನ್ನುತ್ತೇವೆ) ನಾಮ ಎತ್ತಿದರು. ನಾನು ಅವರನ್ನು ಹಿಂಬಾಲಿಸಲಿಲ್ಲ. ಷಡ್ಜ, ಪಂಚಮ ಹಿಡಿದೆ. ಎರಡನೇ ಸುತ್ತಿಗೆ ಪಂಚಮ ಬಿಟ್ಟು ಮಧ್ಯಮಕ್ಕೆ ಬಂದೆ, ಮೇಲೆ ಧೈವತ ಸೇರಿಸಿದೆ. ಅವರು ಒಮ್ಮೆ ತಿರುಗಿ ನೋಡಿದರು. ಹಾಡು ನಿಲ್ಲಿಸಲಿಲ್ಲ. ಯಾವತ್ತೂ ನಾಲ್ಕು ಸುತ್ತಿಗೆ ಮುಗಿಸುವ ನಾಮವನ್ನು ಅವತ್ತು ಏಳು ಸುತ್ತು ಹಾಡಿದರು. ಮಂಗಳಾರತಿ ಆದ ಮೇಲೆ ಹತ್ತಿರ ಬಂದು ಕೇಳಿದರು: "ಆಗ ನೀವು ಹಿಡಿದದ್ದು ಯಾವ ಮನೆ? ಬರುವ ವಾರವೂ ಹಾಗೇ ಹಿಡಿಯಿರಿ."