ಅಡಿಕೆ ಕ್ಯಾಮೆರಾದ ಲಿಂಕಿಗೆ ಮೂರು ಬಗೆಯ ಕ್ಲಾಕ್

ಕ್ಯಾಮೆರಾ ಒಂದು ಕಡೆ, ಅದರ ಚಿತ್ರ ಓದುವ ಬೋರ್ಡು ಇನ್ನೊಂದು ಕಡೆ ಇದ್ದಾಗ ಎರಡರ ಲಯ, ಅಂದರೆ ಕ್ಲಾಕ್, ಹೊಂದಿಸಲು ನಾನು ನೋಡಿದ್ದು ಮೂರು ದಾರಿ. ಎರಡೂ ತುದಿಗೆ ಬೇರೆ ಬೇರೆ ಕ್ರಿಸ್ಟಲ್ (ಈ ಲಯ ಹುಟ್ಟಿಸುವ ಬಿಡಿಭಾಗ), ನಡುವೆ ಎಲಾಸ್ಟಿಕ್ ಬಫರ್, ಅಂದರೆ ಬಂದ ಡೇಟಾವನ್ನು ಕ್ಷಣಕಾಲ ಹಿಡಿದಿಡುವ ತೊಟ್ಟಿ. ನನಗೆ ಇದೇ ಸಾಕು ಅಂತ ಮೊದಲೇ ಹೇಳಿಬಿಡುತ್ತೇನೆ. ಉಳಿದ ಎರಡು ದಾರಿಗಳಿಗೂ ಸಾಮಾನು ತರಿಸಿ, ಕಟ್ಟಿ, ಓಡಿಸಿ ನೋಡಿದ್ದಾಗಿದೆ.

ಶಿರಸಿ ಹತ್ತಿರದ ನಮ್ಮ ಅಡಿಕೆ ಶೆಡ್ಡಿನಲ್ಲಿ ಬೆಲ್ಟಿನ ಮೇಲೆ ಒಂದು ಲೈನ್ ಸ್ಕ್ಯಾನ್ ಕ್ಯಾಮೆರಾ (ಚಿತ್ರವನ್ನು ಸಾಲು ಸಾಲಾಗಿ ತೆಗೆಯುವಂಥದ್ದು) ಇದೆ. ಅಡಿಕೆಯ ದರ್ಜೆಗಳಲ್ಲಿ ಚಾಲಿ ಯಾವುದು, ಕೋಕಾ ಯಾವುದು, ಬಿಳಿಗೋಟು ಯಾವುದು ಎಂದು ಗುರುತಿಸುವ ಬೋರ್ಡು ಮನೆಯ ಕೋಣೆಯಲ್ಲಿದೆ. ಶೆಡ್ಡಿನ ಧೂಳಲ್ಲಿ ಅದನ್ನಿಡಲು ಮನಸ್ಸಾಗಲಿಲ್ಲ. ನಡುವೆ ಸುಮಾರು 60 ಮೀಟರ್ ಫೈಬರ್. 8ಬಿ/10ಬಿ ಕೋಡಿಂಗ್ (8 ಬಿಟ್ ಡೇಟಾವನ್ನು 10 ಬಿಟ್‌ನ ಒಂದು ಸಿಂಬಲ್ ಆಗಿ ಕಳಿಸುವ ಬಗೆ), ಸೆಕೆಂಡಿಗೆ 1.25 ಗಿಗಾಬಿಟ್.

ಇಂಥ ಲಿಂಕಿನಲ್ಲಿ ಕ್ಲಾಕಿಗೆಂದು ಬೇರೆ ತಂತಿ ಇರುವುದಿಲ್ಲ. ಬಿಟ್‌ಗಳು 0ಯಿಂದ 1ಕ್ಕೆ, 1ರಿಂದ 0ಗೆ ಬದಲಾಗುವ ಹೊತ್ತನ್ನು ನೋಡಿಯೇ ರಿಸೀವರ್ ಲಯ ಹಿಡಿಯಬೇಕು, ಭಾಗವತರ ಜಾಗಟೆ ಕೇಳದಿದ್ದರೂ ವೇಷದವರ ಹೆಜ್ಜೆ ನೋಡಿ ಮದ್ದಲೆ ಬಾರಿಸಿದ ಹಾಗೆ. 1983ರಲ್ಲಿ ಐಬಿಎಂನ ವಿಡ್ಮರ್ ಮತ್ತು ಫ್ರಾನಾಸ್ಜೆಕ್ ಪ್ರಕಟಿಸಿದ 8ಬಿ/10ಬಿ ಕೋಡು ಇಲ್ಲಿ ನೆರವಿಗೆ ಬರುತ್ತದೆ. ಅದರಲ್ಲಿ ಒಂದೇ ಬಿಟ್ ಸತತವಾಗಿ 5ಕ್ಕಿಂತ ಜಾಸ್ತಿ ಸಲ ಬರುವುದಿಲ್ಲ. ಮೂರೂ ದಾರಿಯಲ್ಲಿ ಇಷ್ಟು ಸಮಾನ. ಆದರೆ ಹೀಗೆ ಹಿಡಿದ ಕ್ಲಾಕೂ ನಮ್ಮ ಬೋರ್ಡಿನ ಸ್ವಂತ ಕ್ಲಾಕೂ ಒಂದೇ ವೇಗದಲ್ಲಿ ಓಡುವುದಿಲ್ಲವಲ್ಲ, ತಕರಾರು ಅಲ್ಲಿಂದ ಶುರು.

ಒಂದೇ ಕ್ಲಾಕನ್ನು ಕೋಆಕ್ಸ್ ಕೇಬಲ್ಲಿನಲ್ಲಿ ಎರಡೂ ಕಡೆ ಹಂಚುವುದು ಮೊದಲ ದಾರಿ. ವೇಗದಲ್ಲಿ ವ್ಯತ್ಯಾಸ ಸೊನ್ನೆ. ಮೇಜಿನ ಮೇಲೆ ಇದರಷ್ಟು ಚಂದ ಇನ್ನೊಂದಿಲ್ಲ. ಆದರೆ ಶೆಡ್ಡಿನ ಅರ್ತಿಂಗೇ ಬೇರೆ, ಮನೆಯ ಅರ್ತಿಂಗೇ ಬೇರೆ. ಬೆಲ್ಟಿನ ಮೋಟಾರ್ ಶುರುವಾದಾಗೆಲ್ಲ ಪಿಎಲ್‌ಎಲ್ (ಹೊರಗಿನ ಲಯಕ್ಕೆ ತನ್ನ ಲಯ ಹೊಂದಿಸಿಕೊಳ್ಳುವ ಸರ್ಕ್ಯೂಟ್) ಲಾಕ್ ತಪ್ಪುತ್ತಿತ್ತು. ಮೇಲಿಂದ ಏಪ್ರಿಲ್-ಮೇ ತಿಂಗಳ ನಮ್ಮ ಕಡೆಯ ಗುಡುಗು ಸಿಡಿಲು. ಫೈಬರ್ ಹಾಕಿ, ಪಕ್ಕದಲ್ಲೇ ತಾಮ್ರದ ತಂತಿಯನ್ನೂ ಎಳೆದರೆ ಫೈಬರ್ ಹಾಕಿದ್ದು ಯಾಕೆ?

ಇನ್ನು ಎರಡನೆಯದು, ನನ್ನ ಮೆಚ್ಚಿನ ಎಲಾಸ್ಟಿಕ್ ಬಫರ್. ಇದೂ ಸುಲಭಕ್ಕೆ ಒಲಿಯಲಿಲ್ಲ. ಬೋರ್ಡಿನ ಜೊತೆ ಬಂದ ರೆಡಿಮೇಡ್ ಡಿಸೈನಿನಲ್ಲಿ ಚಿತ್ರ ಆಗಾಗ ನಡುವೆ ಕತ್ತರಿಸಿ ಪಕ್ಕಕ್ಕೆ ಸರಿಯುತ್ತಿತ್ತು. ಅರ್ಧ ಅಡಿಕೆ ಇಲ್ಲಿ, ಅರ್ಧ ಅಲ್ಲಿ. ಬೆಳಿಗ್ಗೆ ಅಪರೂಪ. ಮಧ್ಯಾಹ್ನ ಶೆಡ್ಡಿನ ತಗಡು ಕಾದ ಮೇಲೆ ಜಾಸ್ತಿ. ಮಾರಿದವರನ್ನು ಕೇಳಿದರೆ ‘ಫೈಬರ್ ಕನೆಕ್ಟರ್ ಒರೆಸಿ’ ಎಂದರು. ಒರೆಸಿದೆ. ಕನೆಕ್ಟರ್ ಫಳಫಳ ಆಯಿತು, ಅಡಿಕೆ ಮಾತ್ರ ಎರಡು ಹೋಳೇ.

ಲೆಕ್ಕ ಹಾಕಿದರೆ ಕಾರಣ ಕಾಣುತ್ತದೆ. ಈ ವೇಗದಲ್ಲಿ ಸೆಕೆಂಡಿಗೆ 12.5 ಕೋಟಿ ಸಿಂಬಲ್ ಬರುತ್ತವೆ. ಎರಡು ಕ್ರಿಸ್ಟಲ್ ನಡುವೆ ಬರೀ 10 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 10ರಷ್ಟು ವ್ಯತ್ಯಾಸ ಇದ್ದರೂ ಸೆಕೆಂಡಿಗೆ 1250 ಸಿಂಬಲ್ ಹೆಚ್ಚುಕಮ್ಮಿ. ಬಿಸಿ ಏರಿದಾಗ ಒಂದು ತುದಿಯ ಕ್ರಿಸ್ಟಲ್ ಮಾತ್ರ ಸ್ವಲ್ಪ ಸರಿಯುತ್ತದೆ, ಇನ್ನೊಂದು ಕೋಣೆಯಲ್ಲಿ ತಣ್ಣಗಿರುತ್ತದೆ. ಬಫರ್ ತುಂಬಿತು ಅಥವಾ ಬರಿದಾಯಿತು ಅಂದರೆ ತನ್ನನ್ನು ತಾನೇ ಅರ್ಧಕ್ಕೆ ತಂದುಕೊಳ್ಳುತ್ತದೆ. ಚಿತ್ರ ಎರಡು ಹೋಳಾಗುವುದು ಆಗಲೇ. ದೊಡ್ಡ ಬಫರ್ ಹಾಕಿದರೆ ಆಯಿತಲ್ಲ ಅನ್ನಿಸುತ್ತದೆ. 4096 ಸಿಂಬಲ್‌ಗೆ ಏರಿಸಿದರೂ ಇದೇ 10 ಪಿಪಿಎಂಗೆ ಅರ್ಧ ಭಾಗ 1.6 ಸೆಕೆಂಡಿನಲ್ಲಿ ಮುಗಿಯುತ್ತದೆ. ದೊಡ್ಡ ಬಫರ್ ಗಂಡಾಂತರವನ್ನು ಮುಂದೂಡುತ್ತದೆ, ಅಷ್ಟೇ.

ಬೇಕಾದದ್ದು ಬಿಸಾಕಬಹುದಾದ ಸಿಂಬಲ್. ಆ ಡಿಸೈನು ಪಿಕ್ಸೆಲ್‌ಗಳನ್ನು ಉಸಿರು ಬಿಡದೆ ಕಳಿಸುತ್ತಿತ್ತು. ಹಾಗಾಗಿ 2048 ಪಿಕ್ಸೆಲ್‌ಗಳ ಪ್ರತಿ ಸಾಲಿನ ಕೊನೆಗೆ ಎರಡು ಸ್ಕಿಪ್ ಸಿಂಬಲ್ ಸೇರಿಸಿದೆ. ಬಫರ್ ತುಂಬುತ್ತಿದ್ದರೆ ರಿಸೀವರ್ ಒಂದನ್ನು ಎಸೆಯುತ್ತದೆ, ಬರಿದಾಗುತ್ತಿದ್ದರೆ ಒಂದನ್ನು ಸೇರಿಸುತ್ತದೆ. ಎರಡೂ ಕ್ರಿಸ್ಟಲ್ ತಲಾ 100 ಪಿಪಿಎಂ ಎದುರುಬದುರಾಗಿ ತಪ್ಪಿದರೂ 5000 ಸಿಂಬಲ್‌ಗೆ ಒಂದು ಸಾಕು. ಕಂಪ್ಯೂಟರಿನೊಳಗೆ ಕಾರ್ಡುಗಳನ್ನು ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ಮಾಡುವುದೂ ಇದನ್ನೇ. ಅಲ್ಲಿ ಒಂದೊಂದು ಕಡೆ 300 ಪಿಪಿಎಂವರೆಗೆ ಸಡಿಲ ಬಿಟ್ಟಿದ್ದಾರೆ, 8ಬಿ/10ಬಿ ಬಳಸುವ ವೇಗಗಳಲ್ಲಿ 1180ರಿಂದ 1538 ಸಿಂಬಲ್‌ಗೊಮ್ಮೆ ಸ್ಕಿಪ್ ಕಳಿಸುತ್ತಾರೆ. ನನಗಾದ ಖರ್ಚು ಲಿಂಕಿನ ಸುಮಾರು ಶೇ. 0.1. ಬಫರ್ ಈಗ ಪುಟ್ಟದು. ತಗಡು ಎಷ್ಟು ಬೇಕಾದರೂ ಕಾಯಲಿ.

ಮೂರನೆಯದು ಲೂಪ್ ಟೈಮಿಂಗ್. ಮನೆಯಿಂದ ಬರುವ ಡೇಟಾದಿಂದ ಹಿಡಿದ ಕ್ಲಾಕನ್ನೇ ಶೆಡ್ಡಿನ ಬೋರ್ಡು ವಾಪಸ್ ಕಳಿಸಲೂ ಬಳಸುತ್ತದೆ. ನೇರವಾಗಿ ಬಳಸಿದರೆ ಅದರ ನಡುಕವೂ ಜೊತೆಗೇ ಹೋಗುತ್ತದೆ, ಅದಕ್ಕೆ ಜಿಟರ್ ಕ್ಲೀನರ್ ಬೇಕು. ಆ ಪುಟ್ಟ ಬೋರ್ಡಿನ ಬೆಲೆ ಕೇಳಿದರೆ ಮನೆಯಲ್ಲಿ ಮಾತು ಬೆಳೆಯುತ್ತದೆ. ಅದಲ್ಲದೆ ಮಳೆಗಾಲದಲ್ಲಿ ಮನೆಯ ಕರೆಂಟು ಹೋದರೆ ಶೆಡ್ಡಿಗೆ ಕ್ಲಾಕೂ ಹೋಯಿತು. ಲೋಕಲ್ ಕ್ರಿಸ್ಟಲ್‌ಗೆ ಬದಲಾಯಿಸುವ ಲಾಜಿಕ್ ಬೇರೆ ಬರೆಯಬೇಕು.

ಹಾಗಂತ ಅದು ಕೆಟ್ಟದ್ದಲ್ಲ. ಯುರೋಪಿನ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನವರ ವೈಟ್ ರ್‍ಯಾಬಿಟ್ ಇದೇ ತಳಹದಿಯ ಮೇಲೆ ಕಿಲೋಮೀಟರ್‌ಗಟ್ಟಲೆ ದೂರಕ್ಕೂ ಒಂದು ನ್ಯಾನೋಸೆಕೆಂಡಿಗಿಂತ ಕಮ್ಮಿ ವ್ಯತ್ಯಾಸದಲ್ಲಿ ಸಮಯ ಹೊಂದಿಸುತ್ತದೆ. ಹತ್ತಾರು ಕ್ಯಾಮೆರಾಗಳು ಒಂದೇ ಕ್ಷಣಕ್ಕೆ ಕ್ಲಿಕ್ ಆಗಬೇಕಿದ್ದರೆ ನಾನೂ ಅದನ್ನೇ ಆರಿಸುತ್ತಿದ್ದೆ. ಬೆಲ್ಟಿನ ಮೇಲೆ ಉರುಳುವ ಚಾಲಿಗೆ ನ್ಯಾನೋಸೆಕೆಂಡ್ ಕಟ್ಟಿಕೊಂಡು ಏನಾಗಬೇಕು?

ಎರಡನೇ ದಾರಿ ಹಿಡಿಯುವವರು ಫೈಬರ್ ಕೊಳ್ಳುವಾಗ ಉಕ್ಕಿನ ಕವಚದ್ದು ತಗೊಳ್ಳಬೇಡಿ, ಸಿಡಿಲಿನ ರಗಳೆ ಮತ್ತೆ ಬರುತ್ತದೆ. ಸಾದಾ ಫೈಬರನ್ನು ಪಿವಿಸಿ ಪೈಪಿನೊಳಗೆ ತೂರಿಸಿ, ಪೈಪಿನ ಎರಡೂ ಬಾಯಿ ಮುಚ್ಚಿಬಿಡಿ. ಇಲ್ಲದಿದ್ದರೆ ಇಲಿ ಒಳಗೆ ಹೋಗುತ್ತದೆ.