ವೈಲ್ಡರ್, ನಿಸೀನ್ ಮಾರ್ಕ್ಸ್, ಹೆನ್ರಿ ಕೋ: ಕಾಲಿಗೆ ಯಾವುದು, ಸೈಕಲ್ಲಿಗೆ ಯಾವುದು?

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ದಕ್ಷಿಣದ ಕಡೆ ಮನೆ ಇದ್ದರೆ ಒಂದು ಅನುಕೂಲ. ಗಂಟೆಯೊಳಗೆ, ಟ್ರಾಫಿಕ್ ಇದ್ದರೆ ಇನ್ನೊಂದಿಷ್ಟು ಹೊತ್ತಿಗೆ, ಮೂರು ಸ್ಟೇಟ್ ಪಾರ್ಕ್ ತಲುಪಬಹುದು. ಸಮುದ್ರದ ಅಂಚಿಗೆ ವೈಲ್ಡರ್ ರಾಂಚ್, ರೆಡ್‌ವುಡ್ ಕಾಡಿನೊಳಗೆ ನಿಸೀನ್ ಮಾರ್ಕ್ಸ್, ಒಣ ಗುಡ್ಡಗಳ ಮೇಲೆ ಹೆನ್ರಿ ಕೋ. ಒಂದರ ಹಾಗೆ ಇನ್ನೊಂದಿಲ್ಲ. ನಮ್ಮ ಮನೆಯಲ್ಲಿ ನಾನು ಸೈಕಲ್ ಪಾರ್ಟಿ, ಹೆಂಡತಿ ನಡಿಗೆ ಪಾರ್ಟಿ. ಹಾಗಾಗಿ ಶುಕ್ರವಾರ ರಾತ್ರಿ ಆದರೆ ಇದೇ ಚರ್ಚೆ.

ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಸೈಕಲ್ಲಿಗೆ ವೈಲ್ಡರ್. ನಡಿಗೆಗೆ ನಿಸೀನ್ ಮಾರ್ಕ್ಸ್. ಕೋ ಎರಡಕ್ಕೂ ಆಗುತ್ತದೆ, ಆದರೆ ವರ್ಷದಲ್ಲಿ ಕೆಲವೇ ತಿಂಗಳು. ನೋಟ ಎಲ್ಲಿ ಚೆನ್ನಾಗಿದೆ ಅಂತ ಕೇಳುವವರೇ ಜಾಸ್ತಿ. ನೋಟ ಮೂರೂ ಕಡೆ ಚೆನ್ನಾಗಿದೆ. ದಿನ ಹೇಗೆ ಕಳೆಯುತ್ತದೆ ಅನ್ನುವುದು ಮಾತ್ರ ಯಾವ ದಾರಿಯಲ್ಲಿ ಯಾರನ್ನು ಬಿಡುತ್ತಾರೆ ಅನ್ನುವುದರ ಮೇಲೆ ನಿಂತಿದೆ. ಆ ನಿಯಮ ಮೂರು ಪಾರ್ಕಿನಲ್ಲೂ ಬೇರೆ ಬೇರೆ.

ವೈಲ್ಡರ್‌ನಲ್ಲಿ ಬಹುತೇಕ ಎಲ್ಲಾ ಟ್ರೇಲ್‌ಗಳಲ್ಲೂ ಸೈಕಲ್ ಬಿಡುತ್ತಾರೆ. ಸಾಂಟಾ ಕ್ರೂಜ್ ದಾಟಿ ಹೈವೇ 1ರಲ್ಲಿ ಸ್ವಲ್ಪ ಉತ್ತರಕ್ಕೆ ಹೋದರೆ ಎಡಕ್ಕೆ ಗೇಟು. ಇದು ಹಿಂದೆ ಹಾಲಿನ ಡೇರಿ. ಹಳೆಯ ಮನೆ, ಕೊಟ್ಟಿಗೆ, ನೀರಿನ ಬಲದಲ್ಲಿ ತಿರುಗುತ್ತಿದ್ದ ಪೆಲ್ಟನ್ ಚಕ್ರದ ವರ್ಕ್‌ಶಾಪ್ ಎಲ್ಲಾ ಹಾಗೇ ಇವೆ. 1970ರ ದಶಕದ ಶುರುವಿನಲ್ಲಿ ಇಲ್ಲಿ ಸಾವಿರಾರು ಮನೆಗಳ ದೊಡ್ಡ ಬಡಾವಣೆ ಎಬ್ಬಿಸುವ ಯೋಜನೆ ಇತ್ತು. ಸಾಂಟಾ ಕ್ರೂಜ್ ಜನ ಪಟ್ಟು ಹಿಡಿದು ವಿರೋಧಿಸಿದರು, 1974ರಲ್ಲಿ ರಾಜ್ಯವೇ ಜಾಗ ಕೊಂಡಿತು. ಈಗ ಸುಮಾರು 7,000 ಎಕರೆ, 35 ಮೈಲಿಯಷ್ಟು ಟ್ರೇಲ್.

ಸೈಕಲ್ಲಿನವರು ಡೇರಿಯ ಪಕ್ಕದಿಂದ ಹೈವೇ ಕೆಳಗಿನ ಸುರಂಗದಲ್ಲಿ ನುಗ್ಗಿ ಬೆಟ್ಟದ ಕಡೆ ಹೋಗುತ್ತಾರೆ. ಸುರಂಗ ದಾಟಿದ್ದೇ ಏರು ಶುರು. ಎಂಗಲ್ಸ್‌ಮನ್ ಲೂಪ್‌ನ ಏರು ಉಸಿರು ತೆಗೆಸುತ್ತದೆ, ಆದರೆ ಇಳಿದು ತಳ್ಳುವಷ್ಟೇನಿಲ್ಲ. ಹೊಸಬರು ಸಣ್ಣ ಗಿಯರ್ ಹಾಕಿ ನಿಧಾನವಾಗಿ ತುಳಿದರೆ ಸಾಕು. ಮೇಲೆ ವೈಲ್ಡರ್ ರಿಡ್ಜ್ ತಲುಪಿ ಹಿಂದೆ ತಿರುಗಿದರೆ ಮಾಂಟೆರೇ ಕೊಲ್ಲಿ ಪೂರ್ತಿ ಕಾಣುತ್ತದೆ. ಮಂಜಿಲ್ಲದ ದಿನ ಆಚೆ ದಡವೂ ಕಾಣುತ್ತದೆ. ಸಾಹಸ ಬೇಕು ಅನ್ನುವವರಿಗೆ ಇನ್ನೂ ಮೇಲೆ ಎನ್‌ಚಾಂಟೆಡ್ ಲೂಪ್ ಇದೆ. ಅಲ್ಲಿ ಬೇರುಗಳು, ಕಡಿದಾದ ಇಳಿಜಾರು, ರೆಡ್‌ವುಡ್ ನೆರಳು. ನಾನು ಅಲ್ಲಿ ಕೆಲವು ಕಡೆ ಇಳಿದೇ ನಡೆಯುತ್ತೇನೆ. ನಾಚಿಕೆ ಏನಿಲ್ಲ, ಹಲ್ಲು ನನ್ನದೇ ಅಲ್ವಾ?

ಇಲ್ಲಿ ನನಗೆ ಹಿಡಿಸುವುದು ಸುತ್ತುಗಳ ಜೋಡಣೆ. ಒಂದು ಲೂಪ್ ಇನ್ನೊಂದಕ್ಕೆ ಅಂಟಿಕೊಂಡಿದೆ. ಕಾಲಲ್ಲಿ ಶಕ್ತಿ ಇದ್ದರೆ ಇನ್ನೊಂದು ಸುತ್ತು, ಇಲ್ಲದಿದ್ದರೆ ಅಲ್ಲೇ ತಿರುಗಿ ಕಾರಿಗೆ. ಹೊರಡುವ ಮೊದಲೇ ಪೂರ್ತಿ ಲೆಕ್ಕ ಹಾಕಬೇಕಿಲ್ಲ.

ಇದೇ ಧಾರಾಳ ನಡೆಯುವವರಿಗೆ ಕಿರಿಕಿರಿ. ನಿಯಮ ಏನೋ ಸರಿಯಾಗೇ ಇದೆ. ಸೈಕಲ್ಲಿನವರು ನಡೆಯುವವರಿಗೆ ದಾರಿ ಬಿಡಬೇಕು, ಕುದುರೆಗೆ ಇಬ್ಬರೂ ಬಿಡಬೇಕು. ಬಹಳಷ್ಟು ಜನ ಪಾಲಿಸುತ್ತಾರೆ ಕೂಡ. ಆದರೂ ಕಿರಿದಾದ ದಾರಿಯಲ್ಲಿ ಬೆನ್ನ ಹಿಂದೆ ಬ್ರೇಕಿನ ಸದ್ದು ಕೇಳುತ್ತಲೇ ಇದ್ದರೆ ನಡಿಗೆಯ ಖುಷಿ ಅರ್ಧ ಆಗುತ್ತದೆ. ಹೆಂಡತಿ ಬೆಟ್ಟದ ಕಡೆ ಬರುವುದನ್ನೇ ಬಿಟ್ಟಿದ್ದಾಳೆ. ಅವಳ ಪಾಲಿಗೆ ಸಮುದ್ರದ ಕಡೆಯ ಓಲ್ಡ್ ಕೋವ್ ಲ್ಯಾಂಡಿಂಗ್ ಟ್ರೇಲ್. ಅಲ್ಲೂ ಸೈಕಲ್ ಬರುತ್ತವೆ, ಆದರೆ ದಾರಿ ಅಗಲ, ಸಮತಟ್ಟು, ದೂರದಿಂದಲೇ ಕಾಣಿಸುತ್ತವೆ. ಒಂದು ಪಕ್ಕ ಬ್ರಸೆಲ್ಸ್ ಸ್ಪ್ರೌಟ್ ಹೊಲ, ಇನ್ನೊಂದು ಪಕ್ಕ ಪೆಸಿಫಿಕ್. ಕೆಳಗೆ ಬಂಡೆಗಳ ಮೇಲೆ ಸೀಲ್‌ಗಳು ಮೈ ಒಡ್ಡಿ ಮಲಗಿರುತ್ತವೆ. ಫೋಟೋಗಾಗಿ ತೀರಾ ಅಂಚಿಗೆ ಹೋಗಬೇಡಿ, ಆ ಮಣ್ಣು ಕುಸಿಯುತ್ತದೆ. ಸ್ವಲ್ಪ ಮುಂದೆ ಫರ್ನ್ ಗ್ರೊಟೊ ಅಂತ ಒಂದು ಗವಿ. ಅದರ ಸೂರಿನಿಂದ ಫರ್ನ್ ಗಿಡಗಳು ತಲೆಕೆಳಗಾಗಿ ಜೋತುಬಿದ್ದಿವೆ, ತೊಟ್ಟು ತೊಟ್ಟಾಗಿ ನೀರು ಬೀಳುತ್ತಿರುತ್ತದೆ. ಮಕ್ಕಳು ಅಲ್ಲಿಂದ ಹೊರಡಲು ಒಪ್ಪುವುದಿಲ್ಲ. ಪಕ್ಕದ ವೈಲ್ಡರ್ ಬೀಚ್‌ಗೆ ಮಾತ್ರ ಇಳಿಯುವಂತಿಲ್ಲ. ಸ್ನೋಯಿ ಪ್ಲವರ್ ಅನ್ನುವ ಪುಟ್ಟ ಹಕ್ಕಿ ಅಲ್ಲಿ ಮರಳಲ್ಲೇ ಮೊಟ್ಟೆ ಇಡುತ್ತದೆ ಅಂತ ಮುಚ್ಚಿದ್ದಾರೆ.

ನಿಸೀನ್ ಮಾರ್ಕ್ಸ್‌ನಲ್ಲಿ ಇದೆಲ್ಲಾ ಉಲ್ಟಾ. ಪಾರ್ಕಿನ ಮೇಲ್ಭಾಗದಲ್ಲಿ ಸೈಕಲ್ಲಿಗೆ ಇರುವುದು ಆಪ್ಟೋಸ್ ಕ್ರೀಕ್ ಫೈರ್ ರೋಡ್ (ಬೆಂಕಿ ಆರಿಸುವ ವಾಹನಗಳಿಗೆ ಮಾಡಿದ ಅಗಲ ಮಣ್ಣು ದಾರಿ) ಒಂದೇ. ಕಾಲುದಾರಿಗಳೆಲ್ಲ ನಡೆಯುವವರಿಗೆ. ಸೈಕಲ್ ಸ್ನೇಹಿತರು ಇದನ್ನು ಕೇಳಿದರೆ ಮುಖ ಸಿಂಡರಿಸುತ್ತಾರೆ. ನನಗೂ ಮೊದಲು ಇಷ್ಟವಾಗಿರಲಿಲ್ಲ. ಈಗ ಅನ್ನಿಸುತ್ತದೆ, ಈ ಕಾಡು ಇಷ್ಟು ಶಾಂತವಾಗಿರುವುದೇ ಆ ಒಂದು ನಿಯಮದಿಂದ.

ಈ ಕಾಡಿನ ಕಥೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ನಡೆಯುವಾಗ ಅದು ಕಣ್ಣಿಗೇ ಬೀಳುತ್ತದೆ. 1883ರಿಂದ 1923ರವರೆಗೆ, ನಲವತ್ತು ವರ್ಷ, ಇಲ್ಲಿನ ರೆಡ್‌ವುಡ್ ಮರಗಳನ್ನು ಕಡಿದು ಸಾಗಿಸಿದರು. ಅದಕ್ಕೆಂದೇ ಕಣಿವೆಯೊಳಗೆ ರೈಲು ಹಳಿ ಹಾಕಿದ್ದರು, ಹಳಿ ಹಾಕಿದವರಲ್ಲಿ ಚೀನಾದಿಂದ ಬಂದ ಕೂಲಿಗಳೇ ಹೆಚ್ಚು. ಕಡಿಯಲು ಏನೂ ಉಳಿಯದಾದಾಗ ಬಿಟ್ಟು ಹೋದರು. ಆಮೇಲೆ ಮಾರ್ಕ್ಸ್ ಕುಟುಂಬ ಈ ಜಾಗ ಕೊಂಡಿತು. 1963ರಲ್ಲಿ ಮಕ್ಕಳು ತಾಯಿ ನಿಸೀನ್ ಹೆಸರಿನಲ್ಲಿ ರಾಜ್ಯಕ್ಕೆ ದಾನ ಕೊಟ್ಟರು. ಈಗ ಕಾಣುವ ಕಾಡು ಬಹುಪಾಲು ಆ ಕಡಿತದ ಆಮೇಲೆ ಬೆಳೆದದ್ದು.

ಲೋಮಾ ಪ್ರಿಯೆಟಾ ಗ್ರೇಡ್ ಅನ್ನುವ ಟ್ರೇಲ್ ಆ ಹಳೆಯ ರೈಲು ದಾರಿಯಲ್ಲೇ ಸಾಗುತ್ತದೆ. ರೈಲಿಗೆ ಮಾಡಿದ ದಾರಿ, ಹಾಗಾಗಿ ಏರು ಗೊತ್ತೇ ಆಗುವುದಿಲ್ಲ. ಪಕ್ಕದಲ್ಲಿ ಹಳೆಯ ಮರಗಳ ಬುಡಗಳು ಆಳೆತ್ತರಕ್ಕೆ ನಿಂತಿವೆ. ಒಂದನ್ನು ಹತ್ತಿರ ಹೋಗಿ ನೋಡಿ. ನೆಲದಿಂದ ಸ್ವಲ್ಪ ಮೇಲೆ ಅಂಗೈ ಹಿಡಿಯುವಷ್ಟು ಕಚ್ಚುಗಳಿವೆ, ತೆಂಗಿನ ಮರ ಹತ್ತಲು ಕಾಂಡದಲ್ಲಿ ಕಡಿಯುವ ಕಚ್ಚುಗಳ ಹಾಗೆ. ಕಚ್ಚಿಗೆ ಹಲಗೆ ಸಿಕ್ಕಿಸಿ, ಆ ಹಲಗೆ ಮೇಲೆ ನಿಂತು ಗರಗಸ ಎಳೆಯುತ್ತಿದ್ದರು. ಬುಡದ ಸುತ್ತ ಅದೇ ಬೇರಿನಿಂದ ಚಿಗುರಿದ ಐದಾರು ಮರಗಳು ಉಂಗುರದಂತೆ ನಿಂತಿವೆ. ರೆಡ್‌ವುಡ್ ಕಡಿದರೂ ಬೇರಿನಿಂದ ಮತ್ತೆ ಏಳುವ ಜಾತಿ. ಬುಡದ ತೊಗಟೆ ಮೇಲೆ ಹಾವಸೆ, ಹಾವಸೆ ಮೇಲೆ ಒಂದು ಹಳದಿ ಬನಾನಾ ಸ್ಲಗ್, ಅಂದರೆ ಚಿಪ್ಪಿಲ್ಲದ ಬಸವನಹುಳು. ಸೈಕಲ್ ಮೇಲೆ ಹೋಗುವವನಿಗೆ ಇದ್ಯಾವುದೂ ಕಾಣುವುದಿಲ್ಲ, ನಾನೇ ಸಾಕ್ಷಿ.

1989ರ ಅಕ್ಟೋಬರ್ 17ರ ಲೋಮಾ ಪ್ರಿಯೆಟಾ ಭೂಕಂಪದ ಕೇಂದ್ರಬಿಂದು ಕೂಡ ಈ ಪಾರ್ಕಿನೊಳಗೇ ಇದೆ. 6.9 ತೀವ್ರತೆ, 63 ಜನ ಸತ್ತರು, ದೂರದ ಸ್ಯಾನ್ ಫ್ರಾನ್ಸಿಸ್ಕೋದ ಬೇ ಬ್ರಿಜ್‌ನ ಒಂದು ತುಂಡು ಕುಸಿಯಿತು. ಅಷ್ಟೆಲ್ಲಾ ಆದ ಜಾಗದಲ್ಲಿ ಏನೋ ದೊಡ್ಡದು ಕಾಣಬಹುದು ಅಂತ ಹೋದರೆ ನಿರಾಸೆ. ಒಂದು ಫಲಕ ಇದೆ, ಅಷ್ಟೇ.

ಸೈಕಲ್ ತಗೊಂಡು ಹೋದರೆ? ಫೈರ್ ರೋಡ್ ಹಿಡಿದು ಸ್ಯಾಂಡ್ ಪಾಯಿಂಟ್‌ವರೆಗೆ ಐದಾರು ಮೈಲಿ ತುಳಿಯಬೇಕು. ಪೂರ್ತಿ ನೆರಳು, ದಾರಿ ಅಗಲ, ಆದರೆ ಒಂದೇ ರಾಗ. ಮೇಲೆ ಹೋಗಿ ಕೊಲ್ಲಿ ನೋಡಿ ಬಂದ ದಾರಿಯಲ್ಲೇ ವಾಪಸ್. ಬೇಸಿಗೆಯಲ್ಲಿ ಬಿಸಿಲು ತಪ್ಪಿಸಿಕೊಂಡು ಒಳ್ಳೆ ವ್ಯಾಯಾಮ ಬೇಕು ಅನ್ನುವವರಿಗೆ ಸರಿ. ನನ್ನ ಕೇಳಿದರೆ ಸೈಕಲ್ ಮನೆಯಲ್ಲೇ ಬಿಟ್ಟು ಹೋಗಿ. ಇನ್ನೊಂದು ಮಾತು. ಚಳಿಗಾಲದ ದೊಡ್ಡ ಮಳೆಯಲ್ಲಿ ಇಲ್ಲಿ ಮರ ಬೀಳುವುದು, ದಾರಿ ಕೊಚ್ಚಿಹೋಗುವುದು ಮಾಮೂಲು. ಹೊರಡುವ ಮುಂಚೆ ಯಾವ ದಾರಿ ತೆರೆದಿದೆ ಅಂತ ನೋಡಿಕೊಳ್ಳಿ. ಒಳಗೆ ಫೋನ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ.

ಹೆನ್ರಿ ಕೋ ಬಗ್ಗೆ ನ್ಯಾಯವಾಗಿ ಹೇಳುವುದು ಕಷ್ಟ, ಯಾಕೆಂದರೆ ನನಗೆ ಅದರ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿ. 87,000 ಎಕರೆ. ನಮ್ಮ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನಕ್ಕಿಂತ ದೊಡ್ಡದು. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಇಷ್ಟು ದೊಡ್ಡ ಸ್ಟೇಟ್ ಪಾರ್ಕ್ ಇನ್ನೊಂದಿಲ್ಲ. ಆದರೂ ಭಾನುವಾರ ಬೆಳಗ್ಗೆ ಪಾರ್ಕಿಂಗ್‌ಗೆ ಒದ್ದಾಡಬೇಕಿಲ್ಲ. ಕಾರಣ ದಾರಿ. ಮಾರ್ಗನ್ ಹಿಲ್‌ನಿಂದ ಈಸ್ಟ್ ಡನ್ ಅವೆನ್ಯೂದಲ್ಲಿ 13 ಮೈಲಿ ತಿರುವೋ ತಿರುವು. ಹಿಂದಿನ ಸೀಟಿನವರಿಗೆ ವಾಂತಿ ಬಂದರೆ ಆಶ್ಚರ್ಯವಿಲ್ಲ. ನಡುವೆ ಸಿಗುವ ಆಂಡರ್ಸನ್ ಜಲಾಶಯವನ್ನು ಭೂಕಂಪದ ಭಯಕ್ಕೆ 2020ರಲ್ಲಿ ಖಾಲಿ ಮಾಡಿಸಿದರು, ಅಣೆಕಟ್ಟನ್ನು ಹೊಸದಾಗಿ ಕಟ್ಟುತ್ತಿದ್ದಾರೆ.

ಇದು ಕೋ ಕುಟುಂಬದ ದನದ ರಾಂಚ್ ಆಗಿತ್ತು. ಮಗಳು ಸಾಡಾ ಕೋ ತಂದೆಯ ನೆನಪಿಗೆ 1953ರಲ್ಲಿ ಕೌಂಟಿಗೆ ಕೊಟ್ಟರು, ಐದು ವರ್ಷದಲ್ಲಿ ಅದು ರಾಜ್ಯದ ಪಾರ್ಕ್ ಆಯಿತು. ಗುಡ್ಡ, ಕಣಿವೆ, ಮತ್ತೆ ಗುಡ್ಡ. ಬೆಟ್ಟದ ಮೇಲಿನ ಹೆಡ್‌ಕ್ವಾರ್ಟರ್ಸ್‌ನಿಂದ ಯಾವ ಕಡೆ ಹೊರಟರೂ ಕೊನೆಗೆ ಇಳಿಯುತ್ತೀರಿ, ಅಂದರೆ ವಾಪಸ್ ಬರುವಾಗ, ಸುಸ್ತಾದ ಮೇಲೆ, ಹತ್ತಬೇಕು. ಇದು ಕೋದ ಗುಟ್ಟು. ಉಳಿದ ಎರಡು ಪಾರ್ಕ್‌ಗಳಲ್ಲಿ ಮೊದಲು ಹತ್ತಿ ಆಮೇಲೆ ಇಳಿಯುತ್ತೀರಿ, ಸುಸ್ತಾದವನಿಗೆ ಗುರುತ್ವವೇ ಸಹಾಯ ಮಾಡುತ್ತದೆ. ಇಲ್ಲಿ ಹಾಗಿಲ್ಲ.

ಸೈಕಲ್ಲಿಗೆ ಇಲ್ಲಿನ ರತ್ನ ಮಿಡಲ್ ರಿಡ್ಜ್ ಟ್ರೇಲ್. ಹೆಡ್‌ಕ್ವಾರ್ಟರ್ಸ್‌ನಿಂದ ಫ್ಲಾಟ್ ಫ್ರಾಗ್ ಟ್ರೇಲ್‌ನಲ್ಲಿ ಆರಾಮಾಗಿ ಫ್ರಾಗ್ ಲೇಕ್ ತಲುಪಿ, ಅಲ್ಲಿಂದ ಸ್ವಲ್ಪ ಹತ್ತಿದರೆ ರಿಡ್ಜ್. ದಾರಿ ಮಂಜನಿಟಾ ಗಿಡಗಳ ನಡುವೆ ನುಗ್ಗುತ್ತದೆ. ಅದರ ಕಾಂಡ ಕೆಂಪು, ನುಣುಪು. ಬಿಸಿಲಲ್ಲೂ ಮುಟ್ಟಿದರೆ ತಣ್ಣಗಿರುತ್ತದೆ. ಆಮೇಲೆ ಕೊಯೋಟಿ ಹಳ್ಳದವರೆಗೆ ಇಳಿತ. ಮೂರು ಪಾರ್ಕ್ ಸೇರಿಸಿ ಹೇಳಿದರೂ ಇದಕ್ಕಿಂತ ಚೆಂದದ ಇಳಿತ ನನಗೆ ಗೊತ್ತಿಲ್ಲ. ಹಳ್ಳದಿಂದ ಪಾವರ್ಟಿ ಫ್ಲಾಟ್ ರೋಡ್‌ನಲ್ಲಿ ಮೇಲೆ ಬರುವಾಗ ಆ ಸುಖದ ಸಾಲವನ್ನೆಲ್ಲ ಬಡ್ಡಿ ಸಮೇತ ತೀರಿಸಬೇಕು. ತಳ್ಳುವುದು ಖಚಿತ. ಅರ್ಧ ಇಂಚಿಗಿಂತ ಜಾಸ್ತಿ ಮಳೆ ಬಂದರೆ 48 ಗಂಟೆ ಸಿಂಗಲ್ ಟ್ರ್ಯಾಕ್‌ಗಳಿಗೆ, ಅಂದರೆ ಒಬ್ಬರೇ ಹೋಗುವಷ್ಟು ಕಿರಿದಾದ ದಾರಿಗಳಿಗೆ, ಸೈಕಲ್ ಬಿಡುವುದಿಲ್ಲ. ಒಳ್ಳೆ ನಿಯಮ. ಇಲ್ಲದಿದ್ದರೆ ಹಸಿ ಮಣ್ಣಿನಲ್ಲಿ ಟೈರು ಕೊರೆದ ಗೆರೆ ಬೇಸಿಗೆಯಲ್ಲಿ ಗಟ್ಟಿಯಾಗಿ, ಮುಂದಿನ ಮಳೆಯವರೆಗೂ ಎಲ್ಲರನ್ನೂ ಬೀಳಿಸುತ್ತದೆ.

ನಡೆಯುವವರು ಕೋಗೆ ಬರಬೇಕಾದದ್ದು ಫೆಬ್ರವರಿ ಕೊನೆಯಿಂದ ಮೇ ಮೊದಲ ಭಾಗದವರೆಗೆ. ಗುಡ್ಡ ಹಸಿರಾಗಿ, ಕಿತ್ತಳೆ ಪಾಪಿ ಹೂ, ನೀಲಿ ಲ್ಯುಪಿನ್ ಬಿಟ್ಟು, ಹಳ್ಳದಲ್ಲಿ ನೀರಿರುತ್ತದೆ. ಜೂನ್ ಹೊತ್ತಿಗೆ ಎಲ್ಲಾ ಹುಲ್ಲು ಒಣಗಿ ಬಂಗಾರದ ಬಣ್ಣ. ನೋಡಲು ಚೆಂದ, ನಡೆಯಲು ನರಕ. 2020ರ ಆಗಸ್ಟ್‌ನಲ್ಲಿ ಸಿಡಿಲಿನಿಂದ ಹೊತ್ತಿದ ಬೆಂಕಿ ಪಾರ್ಕಿನ ಅರ್ಧಕ್ಕಿಂತ ಜಾಸ್ತಿ ಭಾಗ ಸುಟ್ಟಿತ್ತು. ಮಳೆಗಾಲ ಶುರುವಾಗುವ ಮುಂಚೆ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಗಂಡು ಟರಾಂಟುಲಾ ಜೇಡಗಳು ಹೆಣ್ಣು ಹುಡುಕುತ್ತಾ ಸಂಜೆ ಹೊತ್ತು ದಾರಿಯಲ್ಲೇ ನಡೆದು ಬರುತ್ತವೆ. ನಮ್ಮ ಪಾಡಿಗೆ ನಾವಿದ್ದರೆ ಏನೂ ಮಾಡುವುದಿಲ್ಲ.

ಮೂರೂ ಕಡೆ ಸಮಾನವಾಗಿ ಇರುವ ತೊಂದರೆ ಎರಡು. ಒಂದು ಪಾಯ್ಸನ್ ಓಕ್. ಮೂರು ಮೂರು ಎಲೆಯ ಗೊಂಚಲು, ಎಳೆಯದಾಗಿದ್ದಾಗ ಹೊಳಪು, ಒಣಗುವಾಗ ಕೆಂಪು. ಮುಟ್ಟಿದರೆ ವಾರಗಟ್ಟಲೆ ತುರಿಕೆ. ಎರಡು, ಉಣುಗು. ಮಂಗನ ಕಾಯಿಲೆ ಕೇಳಿರುವ ಮಲೆನಾಡಿನವರಿಗೆ ಉಣುಗಿನ ಭಯ ಹೇಳಿಕೊಡಬೇಕಿಲ್ಲ. ಇಲ್ಲಿ ಅದರಿಂದ ಬರುವುದು ಲೈಮ್ ಕಾಯಿಲೆ. ಉದ್ದ ಪ್ಯಾಂಟ್ ಹಾಕಿ, ಮನೆಗೆ ಬಂದ ಮೇಲೆ ಮೊಣಕಾಲಿನ ಹಿಂದೆ, ಸೊಂಟದ ಹತ್ತಿರ ನೋಡಿಕೊಳ್ಳಿ. ಪಾರ್ಕಿಂಗ್‌ಗೆ ಮೂರೂ ಕಡೆ 8ರಿಂದ 10 ಡಾಲರ್ ಆಸುಪಾಸು, ಅದರಲ್ಲಿ ಹೋಲಿಸುವಂಥದ್ದೇನಿಲ್ಲ.

ಕೊನೆಗೆ ಇಲ್ಲಿನ ಕನ್ನಡದವರು ಜಾಸ್ತಿ ಕೇಳುವ ಪ್ರಶ್ನೆ: ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಎಲ್ಲಿಗೆ ಕರೆದುಕೊಂಡು ಹೋಗಲಿ? ಅವರು ಬರುವುದು ಸಾಮಾನ್ಯವಾಗಿ ಬೇಸಿಗೆಯಲ್ಲಿ. ಹಾಗಾಗಿ ಕೋ ಬೇಡವೇ ಬೇಡ. ಮೊಣಕಾಲು ನೋವಿದ್ದರೆ ವೈಲ್ಡರ್‌ನ ಸಮುದ್ರದ ದಾರಿ. ಹತ್ತುವುದು ಇಳಿಯುವುದು ಇಲ್ಲ, ಕಾರಿನ ಹತ್ತಿರವೇ ಶೌಚಾಲಯ ಇದೆ, ಬೇಸರವಾದ ಕ್ಷಣ ತಿರುಗಬಹುದು. ಜುಲೈ ಅಂತ ನಂಬಿ ಸ್ವೆಟರ್ ಬಿಟ್ಟು ಹೋಗಬೇಡಿ, ಬೆಳಗಿನ ಮಂಜಿಗೆ ಮಂಕಿ ಕ್ಯಾಪ್ ಕೂಡ ಬೇಕಾಗುತ್ತದೆ. ನಡೆಯುವ ರೂಢಿ ಇರುವ ಹಿರಿಯರಾದರೆ ನಿಸೀನ್ ಮಾರ್ಕ್ಸ್‌ನ ರೈಲು ದಾರಿ ವಾಸಿ. ಗಾಳಿ ಇಲ್ಲ, ಬಿಸಿಲಿಲ್ಲ, ಪಿಕ್ನಿಕ್ ಮೇಜಿನ ಮೇಲೆ ಪುಳಿಯೋಗರೆ ಬಿಚ್ಚಿ ಕೂರಬಹುದು. ಎರಡಕ್ಕೂ ಸಾಮಾನ್ಯವಾಗಿ ಬೆಟ್ಟ ದಾಟುವ ಹೈವೇ 17ರಲ್ಲೇ ಹೋಗುವುದು. ಬೇಸಿಗೆಯ ಶನಿವಾರ ಅರ್ಧ ಸ್ಯಾನ್ ಹೋಸೆಯೇ ಬೀಚಿಗೆ ಹೊರಟಿರುತ್ತದೆ. ಎಂಟು ಗಂಟೆಯೊಳಗೆ ಮನೆ ಬಿಟ್ಟರೆ ಬಚಾವ್, ಹತ್ತಕ್ಕೆ ಹೊರಟರೆ ಪುಳಿಯೋಗರೆ ಕಾರಿನಲ್ಲೇ ಮುಗಿಯುತ್ತದೆ.