ವಿಶ್ನಿಯೆವ್‌ಸ್ಕಿ ಎಂಬ ಹೆಸರಿನ ಜಾಡಿನಲ್ಲಿ: ಗೆನೆತೆಕಾ ಜಾಲತಾಣದ ವಿಮರ್ಶೆ

ಪೋಲೆಂಡಿನ ವಂಶಾವಳಿ ಸಂಘವು ಉಚಿತವಾಗಿ ನಡೆಸುತ್ತಿರುವ ‘ಗೆನೆತೆಕಾ’ ಜಾಲತಾಣವು, ಚರ್ಚುಗಳ ಜನನ, ವಿವಾಹ, ಮರಣ ದಾಖಲೆಗಳಿಂದ ಸ್ವಯಂಸೇವಕರು ಸಿದ್ಧಪಡಿಸಿದ ಸೂಚಿಯನ್ನು ಪ್ರಾಂತ್ಯವಾರು ತೆರೆದಿಡುತ್ತದೆ. ವಿಶ್ನಿಯೆವ್‌ಸ್ಕಿಯಂತಹ ಮನೆತನದ ಹೆಸರು ವಿಶ್ನಿಯೆವೊ ಎಂಬ ಹಲವು ಊರುಗಳಿಂದ ಬೇರೆ ಬೇರೆಯಾಗಿ ಹುಟ್ಟಿದ್ದರಿಂದ, ಆ ಹೆಸರಿನವರೆಲ್ಲ ಒಂದೇ ವಂಶದವರಲ್ಲ ಎಂಬುದು ಇಲ್ಲಿ ಹುಡುಕಿದಾಗ ಮನದಟ್ಟಾಗುತ್ತದೆ. ಈ ಸೇವೆಯ ದೊಡ್ಡ ಬಲ ಇದೇ ಎಂದು ನಾನು ಭಾವಿಸುತ್ತೇನೆ. ಹೊರದೇಶಗಳಿಗೆ ವಲಸೆ ಹೋದವರ ಜಾಡಿಗೆ ಮಾತ್ರ ಇದೊಂದೇ ಸಾಲದು. ಷಿಕಾಗೋಗೆ ಹೋದ ಕುಟುಂಬಗಳಿಗಾಗಿ ನ್ಯೂಯಾರ್ಕ್ ಬಂದರಿನಲ್ಲಿ ವಲಸಿಗರ ತಪಾಸಣಾ ಕೇಂದ್ರವಾಗಿದ್ದ ಎಲ್ಲಿಸ್ ದ್ವೀಪದ ಹಡಗು ಪ್ರಯಾಣಿಕರ ಪಟ್ಟಿಗಳನ್ನೂ ಜೊತೆಗೆ ನೋಡಬೇಕು. 1918ರವರೆಗೆ ಪೋಲೆಂಡ್ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳ ನಡುವೆ ಹಂಚಿಹೋಗಿದ್ದ ಕಾರಣ, ಆ ಪಟ್ಟಿಗಳಲ್ಲಿ ಪೋಲಿಷ್ ಜನರ ದೇಶ ರಷ್ಯಾ ಅಥವಾ ಆಸ್ಟ್ರಿಯಾ ಎಂದು ನಮೂದಾಗಿರಬಹುದು. ಪೂರ್ವಜರ ಊರು ಮೊದಲೇ ತಿಳಿದಿರುವವರಿಗೆ ಗೆನೆತೆಕಾವನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ.